ದೇಶಕ್ಕಿಂತ ಮೊದಲು ಬಂದ ಬಾವುಟ

ಬಾವುಟವನ್ನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ಬೆರಗಾದದ್ದು ಅದು ಎಷ್ಟು ಹಗುರ ಎಂದು. ಆಗ ಏಳನೇ ತರಗತಿ, ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆ. ಆಗಸ್ಟ್ 14ರ ಸಂಜೆ ಡ್ರಿಲ್ ಮೇಷ್ಟ್ರು ಬೀರು ತೆಗೆದು, ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಬಟ್ಟೆಯನ್ನು ಹೊರಗೆ ತೆಗೆದರು. "ಆ ಎರಡು ಮೂಲೆ ಹಿಡ್ಕೊ, ನೆಲಕ್ಕೆ ತಾಗಬಾರ್ದು" ಎಂದರು. ಅಷ್ಟು ದಿನ ತಲೆಯೆತ್ತಿ ನೋಡಿದ್ದನ್ನು ಅವತ್ತು ತಲೆ ಬಗ್ಗಿಸಿ ನೋಡಿದೆ. ಕಂಬದ ಮೇಲೆ ಅಷ್ಟು ದೊಡ್ಡದಾಗಿ ಕಾಣುತ್ತಿದ್ದದ್ದು ಕೈಗೆ ಬಂದಾಗ ಅಮ್ಮನ ಸೆರಗಿನಷ್ಟೂ ಭಾರವಿರಲಿಲ್ಲ. ಮೂರು ಪಟ್ಟಿ, ಎರಡು ಹೊಲಿಗೆ. ಬಿಳಿಯೂ ಹಸಿರೂ ಸೇರುವ ಕಡೆ ದಾರ ಬಿಟ್ಟುಕೊಂಡಿದ್ದಲ್ಲಿ ಯಾರೋ ಕೈಹೊಲಿಗೆ ಹಾಕಿದ್ದರು. ಆ ಸಣ್ಣ ಸಣ್ಣ ಹೊಲಿಗೆಗಳು ನನಗೆ ಇವತ್ತಿಗೂ ನೆನಪಿವೆ.

ಮೇಷ್ಟ್ರು ಸೇವಂತಿಗೆ ತರಿಸಿದ್ದರು, ಚಿಕ್ಕಬಳ್ಳಾಪುರದ ಮಾರುಕಟ್ಟೆಯದು. ಎಸಳು ಬಿಡಿಸಿ ಬಟ್ಟೆಯ ನಡುವೆ ಸುರಿದು, ಮಡಿಸಿ, ಸುತ್ತಿ, ಹಗ್ಗದ ಗಂಟು ಹಾಕಿದರು. ಬಿಚ್ಚಿದರು. ಮತ್ತೆ ಹಾಕಿದರು. ಮೂರು ಸಲ. "ಗಾಳಿಗೆ ಬಿಚ್ಚಬಾರ್ದು, ಎಳೆದ್ರೆ ನಿಲ್ಲಬಾರ್ದು. ಅಂಥ ಗಂಟು ಬೇಕು ಇದಕ್ಕೆ" ಎಂದರು, ನನಗೆ ಹೇಳಿದ ಹಾಗಲ್ಲ, ತಮಗೇ ಹೇಳಿಕೊಂಡ ಹಾಗೆ. ಬಾವುಟದಲ್ಲಿ ಏನನ್ನೂ ಕಟ್ಟಿಕೊಂಡು ಹೋಗಬಾರದು, ಏನನ್ನೂ ತುಂಬಬಾರದು ಎಂದು ಧ್ವಜ ಸಂಹಿತೆ ಹೇಳುತ್ತದೆ; ಹೂವಿನ ಎಸಳಿಗೆ ಮಾತ್ರ ವಿನಾಯಿತಿ ಕೊಟ್ಟಿದೆ. ಇದನ್ನು ಓದಿದ್ದು ಎಷ್ಟೋ ವರ್ಷದ ಮೇಲೆ. ಕಾನೂನಿನ ಒಣ ಸಾಲುಗಳ ನಡುವೆ ಹೂವಿಗೆ ಜಾಗ ಮಾಡಿಕೊಟ್ಟವರು ಯಾರೋ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅವತ್ತು ಹುಟ್ಟಿದ ಪ್ರಶ್ನೆ ಇವತ್ತಿಗೂ ನನ್ನ ಜೊತೆಗಿದೆ. ಬಟ್ಟೆ ಯಾವ ಗಳಿಗೆಯಲ್ಲಿ ಬಾವುಟವಾಗುತ್ತದೆ? ನೇಯ್ದಾಗಲೇ, ಬಣ್ಣ ಹಾಕಿದಾಗಲೇ, ಹೊಲಿದಾಗಲೇ? ಅಥವಾ ಕೆಳಗೆ ನಿಂತವರು ತಲೆ ಎತ್ತಿದಾಗಲೇ?

ನಮ್ಮ ತಾಲ್ಲೂಕಿನವರಿಗೆ ಈ ಪ್ರಶ್ನೆ ಬರೀ ಪ್ರಶ್ನೆಯಲ್ಲ. ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಸ್ವಲ್ಪ ದೂರ ಹೋದರೆ ಉತ್ತರ ಪಿನಾಕಿನಿಯ ದಂಡೆಯಲ್ಲಿ ವಿದುರಾಶ್ವತ್ಥವಿದೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಆಂಧ್ರಕ್ಕೆ ಇಳಿದುಹೋಗುವ ಈ ಹೊಳೆಯಲ್ಲಿ ವರ್ಷದ ಬಹುಪಾಲು ಮರಳೇ. ದೇವಸ್ಥಾನದ ಸುತ್ತ ಮಾತ್ರ ಸಾವಿರಾರು ನಾಗರಕಲ್ಲುಗಳು, ಸಾಲು ಸಾಲು, ಒಂದಕ್ಕೊಂದು ಒರಗಿಕೊಂಡು. ಅರಿಶಿನ ಕುಂಕುಮ ಒಣಗಿ ಕಪ್ಪಾದವು, ನಿನ್ನೆ ಮೊನ್ನೆ ನಿಲ್ಲಿಸಿದವು, ಹೆಡೆ ಸವೆದು ಬರೀ ಬಂಡೆಯಾದವು. ಮಕ್ಕಳಾಗದವರು, ನಾಗದೋಷ ಎಂದವರು ಹರಕೆ ಹೊತ್ತು ಪ್ರತಿಷ್ಠೆ ಮಾಡಿಸುತ್ತಾರೆ. ಕಲ್ಲುಕುಟಿಗನ ಮನೆಯಂಗಳದಲ್ಲಿ ಅದು ಕಲ್ಲು. ಅದರ ಮೇಲೆ ಕೂತು ಅವನು ಬೀಡಿ ಸೇದಬಹುದು. ಇಲ್ಲಿ ತಂದು ನಿಲ್ಲಿಸಿ ನೀರು ಹೊಯ್ದ ಮೇಲೆ ಅವನೂ ಕೈಮುಗಿಯುತ್ತಾನೆ. ನಡುವೆ ಏನಾಯಿತು ಎಂದು ನನ್ನನ್ನು ಕೇಳಿದರೆ, ಕಲ್ಲಿಗೆ ಏನೂ ಆಗಲಿಲ್ಲ, ಆದದ್ದೆಲ್ಲ ಜನಕ್ಕೇ ಎನ್ನುತ್ತೇನೆ. ಬಾವುಟದ ಬೆರಗೂ ಇದರ ಒಡಹುಟ್ಟೇ ಎಂದು ನನಗೆ ತೋರುತ್ತದೆ.

ಊರಿಗೆ ಹೆಸರು ಕೊಟ್ಟದ್ದು ಒಂದು ಅಶ್ವತ್ಥ ಮರ. ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಮನಸ್ಸು ಕೆಟ್ಟು ತೀರ್ಥಯಾತ್ರೆ ಹೊರಟ ವಿದುರ ಇಲ್ಲಿ ನೆಟ್ಟ ಸಸಿಯದು ಎಂಬುದು ಸ್ಥಳಪುರಾಣ. ಅರಮನೆಯಲ್ಲಿ ಅನ್ನ ತಿಂದೂ ಅರಸನ ಎದುರಿಗೆ ನ್ಯಾಯ ಹೇಳಿದವನು ವಿದುರ; ಮುಂದೆ ಇಲ್ಲಿ ನಡೆದದ್ದನ್ನು ನೆನೆದಾಗ ಆ ಹೆಸರೂ ಸುಮ್ಮನೆ ಬಂದದ್ದಲ್ಲ ಅನ್ನಿಸುತ್ತದೆ. ಹಳೆಯ ಮರ 2001ರಲ್ಲಿ ಉರುಳಿತು. ಅಶ್ವತ್ಥದ ಎಲೆಯನ್ನು ಗಮನಿಸಿ ನೋಡಿದವರಿಗೆ ಗೊತ್ತು: ಉದ್ದನೆಯ ತೊಟ್ಟು, ತುದಿಯಲ್ಲಿ ಬಾಲದಂಥ ಮೊನೆ. ಬೇರೆ ಮರಗಳೆಲ್ಲ ಸುಮ್ಮನೆ ನಿಂತಿರುವಾಗಲೂ ಇದರ ಎಲೆ ಅಲ್ಲಾಡುತ್ತಿರುತ್ತದೆ. ಗಾಳಿ ಇದೆ ಎಂದು ನಮ್ಮ ಚರ್ಮಕ್ಕೆ ತಿಳಿಯುವ ಮೊದಲೇ ಆ ಎಲೆಗೆ ತಿಳಿದಿರುತ್ತದೆ. ಯಾರೂ ಬಾವುಟ ಹೊಲಿಯುವ ಮೊದಲೇ ಅಲ್ಲಿ ಅಷ್ಟೊಂದು ಪುಟ್ಟ ಬಾವುಟಗಳು ಹಾರುತ್ತಿದ್ದವು.

1938ರ ಏಪ್ರಿಲ್ 25. ಚೈತ್ರಮಾಸ, ಬಿರುಬಿಸಿಲು. ಆಗ ಇದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ನಿಷೇಧಾಜ್ಞೆಯನ್ನು ಮೀರಿ ಕಾಂಗ್ರೆಸ್ಸಿನ ಬಾವುಟ ಹಾರಿಸಿ ಸಭೆ ನಡೆಸಬೇಕೆಂದು ಸುತ್ತಲ ಹಳ್ಳಿಗಳ ಜನ ಅಲ್ಲಿ ಸೇರಿದ್ದರು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ರೈತಾಪಿ ಜನ. ಅವರ ಬಾಯಲ್ಲಿ ಬಾವುಟಕ್ಕೆ ಜೆಂಡಾ ಎಂದೇ ಹೆಸರು, ಇವತ್ತಿಗೂ. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಹತ್ತು ಜನ ಎಂದಿತು ಸರ್ಕಾರ. ಜನರ ಲೆಕ್ಕ ಮೂವತ್ತನ್ನು ದಾಟುತ್ತದೆ. ಹೆಣ ಎಣಿಸುವಾಗಲೂ ಆಳುವವರ ಲೆಕ್ಕವೇ ಬೇರೆ, ಅಳುವವರ ಲೆಕ್ಕವೇ ಬೇರೆ.

ಕನ್ನಡದಲ್ಲಿ ಬಾವುಟವನ್ನೂ ಹಾರಿಸುತ್ತೇವೆ, ಗುಂಡನ್ನೂ ಹಾರಿಸುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಬಾಲ್ಯದಿಂದ ಆಡಿಕೊಂಡು ಬಂದ ಮಾತು, ಒಮ್ಮೆಯೂ ತಡೆದಿರಲಿಲ್ಲ. ವಿದುರಾಶ್ವತ್ಥದ ಬಗ್ಗೆ ಬರೆಯಲು ಕೂತ ದಿನ ಇದೇ ಮಾತಿನ ಮೇಲೆ ಪೆನ್ನು ನಿಂತುಬಿಟ್ಟಿತು. ಅವರು ಒಂದನ್ನು ಹಾರಿಸಲು ಬಂದರು, ಇವರು ಇನ್ನೊಂದನ್ನು ಹಾರಿಸಿದರು. ಮೊದಲನೆಯದು ಕಂಬಕ್ಕೆ ಕಟ್ಟಿಕೊಂಡೇ ಹಾರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಎರಡನೆಯದು ಹೋದರೆ ಹೋಯಿತು, ಮರಳಿ ಬರುವುದಿಲ್ಲ.

ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ವಿದುರಾಶ್ವತ್ಥವನ್ನು ಕರೆಯುವುದು ರೂಢಿ. ಆ ಹೋಲಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಒಂದು ಊರಿನ ನೋವನ್ನು ಇನ್ನೊಂದು ಊರಿನ ನೋವಿನಿಂದ ಅಳೆಯುವುದೇ ಸರಿಯಲ್ಲ. ಅದಕ್ಕಿಂತ ಹೆಚ್ಚಾಗಿ, ಇಲ್ಲಿಯ ವಿಶೇಷ ಆ ಹೋಲಿಕೆಯಲ್ಲಿ ಮರೆಯಾಗಿಬಿಡುತ್ತದೆ. ಇಲ್ಲಿ ಜನ ಪಟ್ಟುಹಿಡಿದದ್ದು ಒಂದು ಬಟ್ಟೆಯನ್ನು ಕಂಬಕ್ಕೇರಿಸಲು. ತೆರಿಗೆಗಲ್ಲ, ಭೂಮಿಗಲ್ಲ, ನೀರಿಗಲ್ಲ. ಅದೂ ಯಾವ ಬಟ್ಟೆ? ಯಾವ ದೇಶದ ಬಾವುಟವೂ ಅಲ್ಲದ ಬಟ್ಟೆ.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. 1938ರಲ್ಲಿ ಭಾರತ ಎಂಬ ಸ್ವತಂತ್ರ ದೇಶ ಇರಲಿಲ್ಲ. ಇಲ್ಲಿದ್ದದ್ದು ಮೈಸೂರು ಸಂಸ್ಥಾನ, ಗಂಡಭೇರುಂಡ ಅದರ ಲಾಂಛನ. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು. ಜನರಿಗೆ ಅವರ ಮೇಲೆ ಕೋಪವಿರಲಿಲ್ಲ, ಪ್ರೀತಿಯೇ ಇತ್ತು. ಇಂಥ ನೆಲದಲ್ಲಿ ಹೊಲ ಉಳುವ ಮನುಷ್ಯನೊಬ್ಬ, ಭೂಪಟದಲ್ಲಿ ಎಲ್ಲೂ ಗೆರೆ ಎಳೆಯದ ಒಂದು ದೇಶವನ್ನು ಮನಸ್ಸಿನಲ್ಲಿ ಕಂಡು, ಅದಕ್ಕಾಗಿ ಬಿಸಿಲಲ್ಲಿ ನಡೆದು ಬಂದಿದ್ದಾನೆ. ದೇಶ ಮೊದಲು ಆಗುತ್ತದೆ, ಆಮೇಲೆ ಅದಕ್ಕೊಂದು ಬಾವುಟ ಬರುತ್ತದೆ ಎಂದು ನಾವು ತಿಳಿದಿರುತ್ತೇವೆ. ವಿದುರಾಶ್ವತ್ಥದಲ್ಲಿ ಬಾವುಟ ಮೊದಲು ಬಂತು. ದೇಶ ಅದರ ನೆರಳಿಗೆ ಆಮೇಲೆ ಬಂತು, ಒಂಬತ್ತು ವರ್ಷ ತಡವಾಗಿ.

ಇನ್ನೂ ಒಂದು ಸಂಗತಿ ಇದೆ, ನೆನೆದಾಗೆಲ್ಲ ಮೈ ಜುಮ್ಮೆನ್ನುತ್ತದೆ. ಹಿಂದೂಪುರ ಅಲ್ಲಿಂದ ದೂರವೇನಲ್ಲ. ಆಗ ಅದು ಮದ್ರಾಸ್ ಪ್ರಾಂತ್ಯದ ಅನಂತಪುರ ಜಿಲ್ಲೆಯಲ್ಲಿತ್ತು. ಮದ್ರಾಸಿನಲ್ಲಿ 1937ರಿಂದ ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲ. ಗಡಿಯ ಆಚೆ ಬ್ರಿಟಿಷರದೇ ನೆಲದಲ್ಲಿ ಆ ಬಾವುಟದ ಪಕ್ಷವೇ ಸರ್ಕಾರ ನಡೆಸುತ್ತಿದೆ. ಗಡಿಯ ಈಚೆ ನಮ್ಮವರೇ ಆಳುವ ನೆಲದಲ್ಲಿ ಅದನ್ನು ಏರಿಸಿದರೆ ಗುಂಡು. ಅದೇ ಹೊಳೆ, ಅದೇ ಹುಣಸೆಮರ, ಅದೇ ಭಾಷೆ, ಗಡಿ ದಾಟಿ ಕೊಟ್ಟು ತಂದ ಅದೇ ನೆಂಟಸ್ತಿಕೆ. ಗಾಳಿ ಮಾತ್ರ ಅವತ್ತೂ ಗಡಿಯ ಎರಡೂ ಕಡೆ ಒಂದೇ ಥರ ಬೀಸಿರಬೇಕು.

1938ರ ಅದೇ ಏಪ್ರಿಲ್ ತಿಂಗಳ ಎರಡನೇ ವಾರದಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ವಿದುರಾಶ್ವತ್ಥದ ಸುದ್ದಿ ಹರಡಿದ ಮೇಲೆ ಗಾಂಧೀಜಿ ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಬೆಂಗಳೂರಿಗೆ ಕಳಿಸಿದರು. ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಒಪ್ಪಂದವಾಯಿತು: ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದು. ಗೋಲಿಬಾರಿನ ವಿಚಾರಣೆಗೆ ವೇಪಾ ರಾಮೇಶಂ ಅವರ ಸಮಿತಿ ಕೂತಿತು. ಇತಿಹಾಸದ ಪುಸ್ತಕದಲ್ಲಿ ಇದೆಲ್ಲ ಒಂದೆರಡು ಪುಟ. ನನಗೆ ಕಣ್ಣಿಗೆ ಕಟ್ಟುವುದು ಅಕ್ಕಪಕ್ಕದ ಆ ಎರಡು ಕಂಬಗಳು, ಒಂದರಲ್ಲಿ ಗಂಡಭೇರುಂಡ, ಇನ್ನೊಂದರಲ್ಲಿ ಚರಕ. ಒಂದೇ ಗಾಳಿಗೆ ಎರಡೂ ಹಾರುತ್ತಿವೆ. ಕೆಳಗೆ ನಿಂತ ಮನುಷ್ಯ ಯಾವುದನ್ನು ಮೊದಲು ನೋಡಿದನೋ!

ಓದು ಬರಹ ಹೆಚ್ಚಿಲ್ಲದ ಜನಕ್ಕೆ ಬಾವುಟದ ಮಹತ್ವ ಅಷ್ಟು ಬೇಗ ಹೇಗೆ ತಿಳಿಯಿತು ಎಂದು ಕೇಳುವವರಿದ್ದಾರೆ. ಅವರು ನಮ್ಮ ಜಾತ್ರೆಗಳನ್ನು ನೋಡಿಲ್ಲ ಅನ್ನಿಸುತ್ತದೆ. ನಮ್ಮಲ್ಲಿ ದೇವರ ಉತ್ಸವ ಶುರುವಾಗುವುದೇ ಧ್ವಜಾರೋಹಣದಿಂದ. ಧ್ವಜ ಏರಿತು ಎಂದರೆ ಜಾತ್ರೆ ಕೂತಿತು ಎಂದರ್ಥ. ನಂದಿಯ ಭೋಗನಂದೀಶ್ವರನ ಅಂಗಳದಲ್ಲಿ ನಿಂತು ಶಿವರಾತ್ರಿಯ ತೇರು ನೋಡಿದ ಎಂಥ ಅನಕ್ಷರಸ್ಥನಿಗೂ ಕಂಬ ಎಂದರೇನು, ಅದರ ಮೇಲೇರುವ ಬಟ್ಟೆ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಧ್ವಜಾರೋಹಣ ಎಂಬ ಪದ ಅವನಿಗೆ ಹೊಸದಲ್ಲ. ಹೊಸದಾಗಿದ್ದದ್ದು ಒಂದೇ: ಈ ಸಲ ಬಟ್ಟೆಯ ಮೇಲೆ ನಂದಿಯಿಲ್ಲ, ಗರುಡನಿಲ್ಲ. ಒಂದು ಚರಕವಿದೆ. ಮನೆಯ ಮೂಲೆಯಲ್ಲಿ ಮುದುಕಿಯೊಬ್ಬಳು ಕೂತು ತಿರುಗಿಸುವ ಸಾಮಾನು ದೇವರ ವಾಹನದ ಜಾಗದಲ್ಲಿ ಬಂದು ಕೂತಿದೆ. ಆ ಕಾಲದ ದೊಡ್ಡ ಪವಾಡ ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ.

1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಯ ಮುಂದೆ ಹಿಡಿದ ಬಾವುಟ ಬದಲಾಗುತ್ತಾ ಬಂದು, 1931ರಲ್ಲಿ ಕೇಸರಿ, ಬಿಳಿ, ಹಸಿರು, ನಡುವೆ ಚರಕ ಎಂದು ನೆಲೆಗೊಂಡಿತು. ಬಣ್ಣಗಳಿಗೆ ಜಾತಿಮತದ ಅರ್ಥ ಹಚ್ಚಬಾರದು ಎಂದು ಕಾಂಗ್ರೆಸ್ ಅದೇ ವರ್ಷ ಬಿಡಿಸಿ ಹೇಳಿತು: ಕೇಸರಿ ಧೈರ್ಯಕ್ಕೆ, ತ್ಯಾಗಕ್ಕೆ, ಬಿಳಿ ಸತ್ಯಕ್ಕೆ, ಶಾಂತಿಗೆ, ಹಸಿರು ನಂಬಿಕೆಗೆ. ಮುಂದೆ ಸಂವಿಧಾನ ಸಭೆಯಲ್ಲಿ ರಾಧಾಕೃಷ್ಣನ್ ಹಸಿರನ್ನು ಮಣ್ಣಿನೊಂದಿಗೆ, ಗಿಡಮರಗಳೊಂದಿಗೆ ನಮಗಿರುವ ಸಂಬಂಧ ಎಂದು ಬಿಡಿಸಿದರು. ಬತ್ತದ ನದಿ ಒಂದೂ ಇಲ್ಲದ, ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆಸುವ ನಮ್ಮ ಸೀಮೆಯವನಿಗೆ ಈ ಅರ್ಥ ಹಿಡಿಸಿದಷ್ಟು ಬೇರೆಯವರಿಗೆ ಹಿಡಿಸಲಾರದು. ಮುಂಗಾರು ಕೈಕೊಟ್ಟ ವರ್ಷ ಆ ಕೆಳಗಿನ ಪಟ್ಟಿಯನ್ನು ನೋಡಿದರೆ ಬಣ್ಣ ಕಾಣುವುದಿಲ್ಲ, ಹರಕೆ ಕಾಣುತ್ತದೆ.

1947ರ ಜುಲೈ 22ರಂದು ನೆಹರೂ ಧ್ವಜದ ನಿರ್ಣಯ ಮಂಡಿಸಿದರು. ಚರಕ ಹೋಗಿ ಸಾರನಾಥದ ಅಶೋಕಸ್ತಂಭದ ಚಕ್ರ ಬಂತು. ಕಡುನೀಲಿ, 24 ಅರ. ಈ ಬದಲಾವಣೆಗೆ ದೊಡ್ಡ ದೊಡ್ಡ ಅರ್ಥ ಹೇಳಿದ್ದಾರೆ, ಎಲ್ಲ ಸರಿಯೇ. ಆದರೆ ನೆಹರೂ ಕೊಟ್ಟ ಒಂದು ಕಾರಣ ತೀರ ಸರಳ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದೂ ಅದೇ. ಬಾವುಟಕ್ಕೆ ಎರಡು ಮುಖ. ಒಂದು ಕಡೆ ಕಂಡದ್ದೇ ಇನ್ನೊಂದು ಕಡೆಯೂ ಕಾಣಬೇಕು. ಚರಕಕ್ಕೆ ಈ ಕಡೆ ಚಕ್ರ, ಆ ಕಡೆ ಕದಿರು. ಹಿಂದಿನಿಂದ ನೋಡಿದವನಿಗೆ ಅದು ತಿರುವುಮುರುವು. ಬರೀ ಚಕ್ರವನ್ನು ಉಳಿಸಿಕೊಂಡರೆ ಆ ತೊಡಕಿಲ್ಲ.

ಎಂಥ ಮಾತು ಇದು! ಗೋಡೆಗೆ ಹಾಕುವ ಚಿತ್ರಕ್ಕೆ ಈ ಚಿಂತೆಯಿಲ್ಲ. ನಾಣ್ಯಕ್ಕಿಲ್ಲ, ಅಂಚೆಚೀಟಿಗಿಲ್ಲ. ಬಾವುಟವನ್ನು ಯಾರು ಎಲ್ಲಿ ನಿಂತು ನೋಡುತ್ತಾರೋ ಗೊತ್ತಿಲ್ಲ. ವೇದಿಕೆಯ ಮುಂದೆ ಕುರ್ಚಿಯಲ್ಲಿ ಕೂತವನೂ ನೋಡುತ್ತಾನೆ, ಕಾಂಪೌಂಡಿನ ಆಚೆ ಕುರಿ ಮೇಯಿಸುವವನೂ ನೋಡುತ್ತಾನೆ. ಗಾಳಿ ತಿರುಗಿದರೆ ಹಿಂದಿನವನೇ ಮುಂದಿನವನು. ಇಬ್ಬರಿಗೂ ಒಂದೇ ಕಾಣಬೇಕು ಎಂದು ಒಂದು ದೇಶ ತನ್ನ ಗುರುತನ್ನು ಆರಿಸುವಾಗ ಯೋಚಿಸಿತಲ್ಲ, ಆ ಯೋಚನೆಯೊಳಗೆ ಸಂವಿಧಾನದ ಎಷ್ಟೋ ಪುಟಗಳು ಅಡಗಿವೆ. ಗಾಂಧೀಜಿಗೆ ಚರಕ ಹೋದದ್ದು ಸಮಾಧಾನವಾಗಲಿಲ್ಲ. ಅವರ ನೋವೂ ನನಗೆ ಅರ್ಥವಾಗುತ್ತದೆ. ವಿದುರಾಶ್ವತ್ಥದಲ್ಲಿ ಬಿದ್ದವರು ನೋಡಿದ್ದು ಚರಕದ ಬಾವುಟವನ್ನೇ. ಇವತ್ತು ಅಲ್ಲಿಯ ಸ್ಮಾರಕ ವೀರಸೌಧದ ಅಂಗಳದಲ್ಲಿ ನಿಂತು ಬಾವುಟ ನೋಡುವಾಗ, ಆ ಸತ್ತವರು ಎದ್ದು ಬಂದರೆ ಇದನ್ನು ತಮ್ಮದೇ ಎಂದು ಗುರುತಿಸಿಯಾರೇ ಎಂದು ಯೋಚಿಸುತ್ತೇನೆ. ಗುರುತಿಸುತ್ತಾರೆ ಎಂದೇ ನನ್ನ ನಂಬಿಕೆ. ಚಕ್ರ ಎಲ್ಲಿಂದ ಬಂತು ಎಂದು ನೂಲು ತೆಗೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ.

ನೂಲು ತೆಗೆಯುವವರು ಎಂದೆ. ಅವರನ್ನು ನೋಡಬೇಕಾದರೆ ಶಿಡ್ಲಘಟ್ಟಕ್ಕೇ ಹೋಗಬೇಕು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿ ಗೂಡಿನಿಂದ ನೂಲು ಬಿಚ್ಚುವ ಸಾಧನಕ್ಕೆ ಇಂದಿಗೂ ಚರಕ ಎಂದೇ ಹೆಸರು. ಒಂದು ಸಲ ಪರಿಚಯದ ರೀಲರ್ ಒಬ್ಬರ ಶೆಡ್ಡಿನಲ್ಲಿ ಅರ್ಧ ದಿನ ಕೂತಿದ್ದೆ. ಬೇಯುವ ಗೂಡಿನ ವಾಸನೆ ಮೊದಲು ಗಂಟಲು ಹಿಡಿಯುತ್ತದೆ, ಆಮೇಲೆ ಒಗ್ಗುತ್ತದೆ. ಬಿಸಿನೀರಿನಲ್ಲಿ ತೇಲುವ ಗೂಡುಗಳನ್ನು ಕೆದಕಿ ಎಳೆಯ ತುದಿ ಹುಡುಕುತ್ತಾರೆ. ನಾನು ಬಗ್ಗಿ ನೋಡಿದೆ, ಏನೂ ಕಾಣಲಿಲ್ಲ. ಅವರ ಬೆರಳು ಮಾತ್ರ ಗಾಳಿಯಲ್ಲಿ ಏನನ್ನೋ ಹಿಡಿದ ಹಾಗೆ ಮೇಲೇಳುತ್ತಿತ್ತು. ಒಂದು ಎಳೆ ಕಣ್ಣಿಗೆ ಬೀಳುವುದಿಲ್ಲ. ಎಂಟು ಹತ್ತು ಗೂಡಿನ ಎಳೆಗಳನ್ನು ಕೂಡಿಸಿ ಸಣ್ಣ ತೂತಿನಲ್ಲಿ ಪೋಣಿಸಿದ ಮೇಲೆ, ಒಮ್ಮೆಗೇ ಬೆಳಕಿನಲ್ಲಿ ಒಂದು ನೂಲು ಮಿಂಚಿತು. ಅದು ಎಲ್ಲಿಂದಲೋ ಬಂದ ಹಾಗೆ ಕಂಡಿತು. ಇದ್ದದ್ದೇ ಅಲ್ಲಿ, ಒಂಟಿಯಾಗಿದ್ದಾಗ ನನ್ನ ಕಣ್ಣಿಗೆ ಕಂಡಿರಲಿಲ್ಲ.

"ಇದನ್ನ ಚರಕ ಅಂತ ಯಾಕೆ ಅಂತೀರ ಭಾಯ್?" ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ತಿರುಗ್ತದಲ್ಲ ಸಾರ್. ತಿರುಗಿದ್ರೆ ಮನೆ ನಡೀತದೆ" ಎಂದರು. ರಾಧಾಕೃಷ್ಣನ್ ಸಂವಿಧಾನ ಸಭೆಯಲ್ಲಿ ಚಕ್ರದ ಬಗ್ಗೆ ಮಾತಾಡುವಾಗ ಚಲನೆಯೇ ಬದುಕು ಎಂಬ ಅರ್ಥ ಹೇಳಿದ್ದರು. ಶಿಡ್ಲಘಟ್ಟದ ಆ ಶೆಡ್ಡಿನಲ್ಲಿ ಅದನ್ನೇ ಕೇಳಿಸಿಕೊಂಡೆ, ಬೇಯುವ ನೀರಿನ ಸದ್ದಿನ ನಡುವೆ. ಬಾವುಟಕ್ಕೆ ರೇಷ್ಮೆಯ ಖಾದಿಯನ್ನೂ ಬಳಸಬಹುದು ಎಂದು ಸಂಹಿತೆಯಲ್ಲಿದೆ ಎಂದು ಅವರಿಗೆ ಹೇಳಿದೆ. ಕೈ ನಿಂತಿತು. "ನಮ್ ರೇಷ್ಮೇನೂ?" ಎಂದರು. ಹೌದು ಎಂದೆ. ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಿರುಗುತ್ತಿದ್ದ ನೂಲಿನ ಮೇಲೆ ಬೆರಳಿಟ್ಟು, ಮಗುವಿನ ತಲೆ ನೇವರಿಸುವ ಹಾಗೆ ಮುಟ್ಟಿ ನೋಡಿದರು.

ಖಾದಿಯ ಬಾವುಟ ಕರ್ನಾಟಕದಲ್ಲೂ ತಯಾರಾಗುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಉದ್ದ ಅಗಲ ಮೂರಕ್ಕೆ ಎರಡು, ಮೂರು ಪಟ್ಟಿಯೂ ಸಮ. ಚಕ್ರವನ್ನು ಎರಡೂ ಮುಖಕ್ಕೆ ಅಚ್ಚು ಹಾಕುವಾಗ ಈ ಕಡೆಯ ಅರದ ಬೆನ್ನಿಗೇ ಆ ಕಡೆಯ ಅರ ಕೂರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಸ್ವತಂತ್ರ ಭಾರತ ಸರಕುಗಳ ಗುಣಮಟ್ಟಕ್ಕೆ ಅಳತೆಗಳನ್ನು ಬರೆದಿಡಲು ಕೂತಾಗ, ಒಂದನೇ ನಂಬರಿನ ಮಾನಕವಾಗಿ ಬರೆದದ್ದು ಬಾವುಟದ ಅಳತೆಯನ್ನು. ಸಿಮೆಂಟಿಗೂ ಮೊದಲು, ಉಕ್ಕಿಗೂ ಮೊದಲು. ಹಸಿದ ದೇಶ ಅದು, ಆಗತಾನೇ ಎರಡು ಹೋಳಾದ ದೇಶ. ಮಾಡಬೇಕಾದ ಕೆಲಸ ಬೆಟ್ಟದಷ್ಟಿತ್ತು. ಆದರೂ ಮೊದಲು ಕೂತು ಒಂದು ಬಟ್ಟೆಯ ನೂಲು, ಬಣ್ಣ, ಹೊಲಿಗೆಯನ್ನು ಅಷ್ಟು ಅಕ್ಕರೆಯಿಂದ ಬರೆದಿಟ್ಟರು.

2021ರ ಡಿಸೆಂಬರ್ 30ರ ತಿದ್ದುಪಡಿಯ ಮೇಲೆ ಯಂತ್ರದಲ್ಲಿ ನೇಯ್ದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ಸಿಕ್ಕಿತು. ಮುಂದಿನ ಆಗಸ್ಟಿನಲ್ಲಿ ಅಂಚೆ ಕಚೇರಿಗಳಲ್ಲೇ 25 ರೂಪಾಯಿಗೆ ಬಾವುಟ ಸಿಕ್ಕಿತು, ಮನೆಮನೆಯ ಮೇಲೂ ಹಾರಿತು. ಅದನ್ನು ನೋಡಿ ನನಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಒಂದು ಕಾಲಕ್ಕೆ ಗುಂಡಿಗೆ ಎದೆಕೊಟ್ಟು ಏರಿಸಬೇಕಾಗಿದ್ದದ್ದು ಈಗ ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಹಾರುತ್ತಿದೆ; ಆ ಸತ್ತವರು ಬಯಸಿದ್ದು ಇದನ್ನೇ. ಸಂಕಟ ಯಾಕೆಂದರೆ, ನೂಲಿಗೆ ಹಿಂದೆ ಒಂದು ಕೈಯಿತ್ತು. ಕೈನೂಲಿನಲ್ಲಿ ಅಲ್ಲಲ್ಲಿ ಗಂಟು ಇರುತ್ತದೆ, ಸಣ್ಣ ದಪ್ಪ ಇರುತ್ತದೆ. ಬೆರಳಾಡಿಸಿದರೆ ತೆಗೆದವರ ಉಸಿರು ಸಿಗುತ್ತದೆ. ಹೊಳೆಯುವ ನುಣುಪಿನಲ್ಲಿ ಅದು ಸಿಗುವುದಿಲ್ಲ. ಖಾದಿ ದುಬಾರಿ ಎನ್ನುವ ಮಾತು ಬರುತ್ತದೆ. ದುಬಾರಿಯೇ. ಎಲ್ಲರ ಕೈಗೂ ಎಟುಕುವುದು ಮುಖ್ಯವೋ, ಯಾರದೋ ಕೈಯಿಂದ ಬರುವುದು ಮುಖ್ಯವೋ ಎಂದು ಕೇಳಿದರೆ ನನಗೆ ಎರಡೂ ಬೇಕು.

ಬಾವುಟವನ್ನು ಇಷ್ಟು ಪೂಜ್ಯವಾಗಿ ನೋಡುವುದರಲ್ಲಿ ಅಪಾಯವಿಲ್ಲವೇ? ಇದೆ. ಈ ಪ್ರಶ್ನೆ ಎದ್ದಾಗೆಲ್ಲ ನನಗೆ ಎಚ್. ನರಸಿಂಹಯ್ಯನವರ ನೆನಪಾಗುತ್ತದೆ. ಅದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬಡತನದಲ್ಲಿ ಹುಟ್ಟಿ, 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಹುಡುಗ. ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದಾಗ ಅವರಿಗೆ ಇನ್ನೂ ಹದಿನೇಳು. 1942ರ ಚಳವಳಿಯಲ್ಲಿ ಜೈಲು ಸೇರಿದರು. ಮುಂದೆ ಭೌತಶಾಸ್ತ್ರದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳುತ್ತಾ ಹೋದರು. ಪವಾಡ ಎಂದವರ ಕೈ ಬಿಚ್ಚಿಸಿ ನೋಡಲು ಹೊರಟವರು. ಅಂಥವರು ಕೊನೆಯವರೆಗೂ ಉಟ್ಟದ್ದು ಖಾದಿ. ಪ್ರಶ್ನೆಯೂ ಬಿಡಲಿಲ್ಲ, ಆ ಬಟ್ಟೆಯನ್ನೂ ಬಿಡಲಿಲ್ಲ. ಬೆರಗು ಎಂದರೆ ಕಣ್ಣು ಮುಚ್ಚುವುದಲ್ಲ, ಇನ್ನಷ್ಟು ತೆರೆಯುವುದು ಎಂದು ಅವರ ಬಾಳನ್ನು ನೋಡಿ ನಾನು ಕಲಿತಿದ್ದೇನೆ. ಗದರಿಸಿ ಹುಟ್ಟಿಸಿದ ಭಕ್ತಿಯಲ್ಲಿ ಬೆರಗಿರುವುದಿಲ್ಲ. ವಿದುರಾಶ್ವತ್ಥಕ್ಕೆ ಬಂದವರನ್ನು ಯಾರೂ ಗದರಿಸಿ ಕರೆತಂದಿರಲಿಲ್ಲ. ಬರಬೇಡಿ ಎಂದು ಗದರಿಸಿದ್ದರು, ಬಂದರು.

ಏರಿಸುವಾಗ ಚುರುಕಾಗಿ ಏರಿಸಬೇಕು, ಇಳಿಸುವಾಗ ನಿಧಾನವಾಗಿ ಇಳಿಸಬೇಕು ಎಂಬುದು ಬಾವುಟದ ನಿಯಮ. ಏರಿಸುವುದನ್ನು ನೋಡಲು ಊರೇ ಸೇರುತ್ತದೆ, ಬ್ಯಾಂಡು, ಲಾಡು, ಭಾಷಣ. ಇಳಿಸುವ ಹೊತ್ತಿಗೆ ಯಾರೂ ಇರುವುದಿಲ್ಲ. ನಮ್ಮ ಶಾಲೆಯಲ್ಲಿ ಸಂಜೆ ಜವಾನರು ಒಬ್ಬರೇ ಬಂದು, ಚಪ್ಪಲಿ ಬಿಟ್ಟು, ಹಗ್ಗವನ್ನು ಗೇಣು ಗೇಣಾಗಿ ಬಿಡುತ್ತಿದ್ದರು. ಕೇಸರಿಯನ್ನೂ ಹಸಿರನ್ನೂ ಬಿಳಿಯ ಕೆಳಗೆ ಮಡಿಸಿ, ಚಕ್ರ ಮೇಲೆ ಕಾಣುವಂತೆ ಮಾಡಿ, ಎರಡೂ ಅಂಗೈ ಮೇಲೆ ಇಟ್ಟುಕೊಂಡು ನಡೆಯುತ್ತಿದ್ದರು. ಚಪ್ಪಲಿ ಬಿಡಬೇಕೆಂದು ಯಾವ ನಿಯಮದಲ್ಲೂ ಇಲ್ಲ.

ಕೆಲವು ವರ್ಷದ ಹಿಂದೆ ಆಗಸ್ಟ್ 16ರ ಬೆಳಗಿನ ಜಾವ ಚಿಂತಾಮಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ದಿನದ ಸಂಭ್ರಮ ರಸ್ತೆಯಲ್ಲಿ ಬಿದ್ದಿತ್ತು. ಕಡ್ಡಿ ಮುರಿದ ಕಾಗದದ ಬಾವುಟ, ಬಣ್ಣ ಬಿಟ್ಟ ತೋರಣ, ಯಾರದೋ ಜೇಬಿನಿಂದ ಬಿದ್ದ ಬಿಲ್ಲೆ. ಪೌರಕಾರ್ಮಿಕ ಹೆಣ್ಣುಮಗಳೊಬ್ಬಳು ಗುಡಿಸುತ್ತಾ ಬಂದಳು. ಕಸವೆಲ್ಲ ಗಾಡಿಗೆ ಹೋಗುತ್ತಿತ್ತು. ಬಾವುಟ ಸಿಕ್ಕಿದರೆ ಮಾತ್ರ ಪೊರಕೆ ಕಂಕುಳಿಗೆ ಸೇರಿಸಿ, ಬಗ್ಗಿ ಕೈಯಿಂದ ಎತ್ತಿ, ಮಣ್ಣು ಕೊಡವಿ, ಸೊಂಟಕ್ಕೆ ಸಿಕ್ಕಿಸಿದ್ದ ಬೇರೆ ಚೀಲಕ್ಕೆ ಹಾಕುತ್ತಿದ್ದಳು. ಕೆಟ್ಟುಹೋದ ಬಾವುಟವನ್ನು ಮರ್ಯಾದೆಯಿಂದ, ಮರೆಯಲ್ಲಿ ಸುಡಬೇಕು ಎಂದು ಸಂಹಿತೆ ಹೇಳುತ್ತದೆ. ಅವಳು ಸಂಹಿತೆ ಓದಿರಲಾರಳು.

"ಅದನ್ನೇನು ಮಾಡ್ತೀಯಮ್ಮ?" ಎಂದು ಕೇಳಿದೆ.

"ಕಸದಾಗೆ ಹಾಕಕ್ಕೆ ಮನಸ್ಸು ಬರಲ್ಲಣ್ಣ" ಎಂದು ರಸ್ತೆಯ ಆ ಬದಿ ತೋರಿಸಿದಳು.

ಅಲ್ಲೊಂದು ಅಶ್ವತ್ಥಕಟ್ಟೆ ಇತ್ತು. ಬುಡದಲ್ಲಿ ಗಾಜು ಒಡೆದ ದೇವರ ಪಟಗಳು, ಮುಕ್ಕಾದ ವಿಗ್ರಹಗಳು. ಮನೆಯಲ್ಲಿ ಇಟ್ಟುಕೊಳ್ಳಲೂ ಆಗದೆ, ಎಸೆಯಲೂ ಆಗದೆ ಜನ ತಂದಿಟ್ಟು ಹೋದವು. ಅವಳು ಕಟ್ಟೆಯ ಹತ್ತಿರ ಹೋಗಿ ಚೀಲ ಬರಿದು ಮಾಡಿದಳು. ಪಟಗಳ ಪಕ್ಕದಲ್ಲಿ ಬಾವುಟಗಳನ್ನು ಒಂದರ ಮೇಲೊಂದು ನೇರವಾಗಿ ಜೋಡಿಸಿದಳು. ಮೇಲೆ ಎಲೆಗಳು ಅಲ್ಲಾಡುತ್ತಿದ್ದವು. ಕಾಗದದ ತುದಿಗಳೂ ಪಟಪಟ ಎಂದು ಏಳತೊಡಗಿದವು. ಅವಳು ಸುತ್ತ ನೋಡಿ ಒಂದು ಕಲ್ಲು ತಂದು, ಹಾರಿಹೋಗದ ಹಾಗೆ ಅವುಗಳ ಮೇಲೆ ಮೆಲ್ಲಗೆ ಇಟ್ಟಳು.